ಆಗಸ್ಟ್‌ನಲ್ಲಿ ಮಣಿಪಾಲ, ಮೂರು ದಿನ, ಸ್ವಂತ ಗಾಡಿ ಇಲ್ಲ: ಏನೇನು ನೋಡಬಹುದು?

ಮಗಳನ್ನು ಕಾಲೇಜಿಗೆ ಸೇರಿಸಲು ಆಗಸ್ಟ್‌ನಲ್ಲಿ ಬರುತ್ತೀರಿ, ದಾಖಲಾತಿ ಮುಗಿದ ಮೇಲೆ ಮೂರು ದಿನ ಕೈಯಲ್ಲಿದೆ, ಓಡಾಟವೆಲ್ಲ ಬಸ್ಸು-ರಿಕ್ಷಾದಲ್ಲಿ, ಜೊತೆಗೆ ವಯಸ್ಸಾದ ಅಮ್ಮ ಇರುತ್ತಾರೆ. ಇಷ್ಟು ನೀವು ಬರೆದದ್ದು. ನಿಮ್ಮ ಪಟ್ಟಿಯಲ್ಲಿ ಮೊದಲು ಇರುವುದು ಮಲ್ಪೆಯ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪ, ಆಮೇಲೆ ಮಲ್ಪೆಯ ಕಡಲತೀರದಲ್ಲಿ ನೀರಾಟ, ಆಗುಂಬೆಯ ಸೂರ್ಯಾಸ್ತ. ಮೂರನ್ನೂ ಹೊಡೆದುಹಾಕಿ. ಮಳೆಗಾಲ ಶುರುವಾದ ಮೇಲೆ ದ್ವೀಪಕ್ಕೆ ಬೋಟು ಬಿಡುವುದಿಲ್ಲ, ಸೆಪ್ಟೆಂಬರ್‌ನಲ್ಲಿ ಕಡಲು ತಣ್ಣಗಾದ ಮೇಲಷ್ಟೇ ಮತ್ತೆ ಶುರು. ಮಲ್ಪೆಯಲ್ಲಿ ತಡೆಬಲೆ ಕಟ್ಟಿ, ಕೆಂಪು ಬಾವುಟ ನೆಟ್ಟು ನೀರಿಗೆ ಇಳಿಯದಂತೆ ನೋಡಿಕೊಳ್ಳುತ್ತಾರೆ. ಆಗುಂಬೆಯಲ್ಲಿ ಆ ತಿಂಗಳು ಸೂರ್ಯ ಕಾಣಿಸಿಕೊಂಡರೆ ಅದೇ ಸುದ್ದಿ. ಮಣಿಪಾಲದ ಬಗ್ಗೆ ಸಿಗುವ ಪಟ್ಟಿಗಳೆಲ್ಲ ಡಿಸೆಂಬರ್‌ನಲ್ಲಿ ಬಂದುಹೋದವರು ಬರೆದವು. ಮಕ್ಕಳನ್ನು ಸೇರಿಸಲು ಬರುವವರು ಬರುವುದು ಮಾತ್ರ ಭರ್ತಿ ಮಳೆಯಲ್ಲಿ. ಹಾಗಾಗಿ ಮಳೆಯಲ್ಲಿ ಆಗುವುದನ್ನು ಈಗ ನೋಡಿ, ಉಳಿದದ್ದು ಮಗಳನ್ನು ನೋಡಲು ಚಳಿಗಾಲದಲ್ಲಿ ಬಂದಾಗ.

ಒಂದು ಇಡೀ ದಿನ ಉಡುಪಿಗೆ ಕೊಡಿ. ಮಣಿಪಾಲದ ಟೈಗರ್ ಸರ್ಕಲ್‌ನಿಂದ ಉಡುಪಿಗೆ ಸಿಟಿ ಬಸ್ಸುಗಳು ಒಂದರ ಬೆನ್ನಿಗೆ ಒಂದು ಇರುತ್ತವೆ, ಐದು ಕಿಲೋಮೀಟರ್ ದಾರಿ. ಕಲ್ಸಂಕದಲ್ಲಿ ಇಳಿದರೆ ರಥಬೀದಿಗೆ ನಡೆದೇ ಹೋಗಬಹುದು. ಅಮ್ಮನಿಗೆ ಮಳೆಯಲ್ಲಿ ನಡೆಯುವುದು ಕಷ್ಟವಾದರೆ ಅಲ್ಲಿಂದ ರಿಕ್ಷಾ ಹಿಡಿಯಿರಿ. ಹೆಚ್ಚಿನವರು ನೇರ ಕೃಷ್ಣಮಠಕ್ಕೆ ನುಗ್ಗುತ್ತಾರೆ. ಊರಿನ ಕ್ರಮ ಬೇರೆ: ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಚಂದ್ರಮೌಳೀಶ್ವರ ದೇವಸ್ಥಾನ ಬೀದಿಯ ಮಟ್ಟಕ್ಕಿಂತ ಕೆಳಗಿದೆ, ಮೆಟ್ಟಿಲಿಳಿದು ಹೋಗಬೇಕು, ಮಳೆಯಲ್ಲಿ ಅಮ್ಮನ ಕೈ ಬಿಡಬೇಡಿ. ಕೃಷ್ಣಮಠದೊಳಗೆ ಗಂಡಸರು ಅಂಗಿ, ಬನಿಯನ್ ಕಳಚಿ ಹೋಗಬೇಕು. ಒದ್ದೆ ಅಂಗಿಯನ್ನು ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ ಜೇಬಿನಲ್ಲಿರಲಿ.

ಒಳಗೆ ದೇವರನ್ನು ನೋಡುವುದು ಬಾಗಿಲಿನಿಂದಲ್ಲ, ಬೆಳ್ಳಿ ಹೊದಿಸಿದ ಒಂಬತ್ತು ಕಂಡಿಗಳ ನವಗ್ರಹ ಕಿಂಡಿಯಿಂದ. ಹಿಂದಿನಿಂದ ತಳ್ಳುತ್ತಿರುತ್ತಾರೆ, ಕಣ್ಣು ಆ ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ನಿಮ್ಮ ಸರದಿ ಮುಗಿದಿರುತ್ತದೆ. ಅದಕ್ಕೇ ಎರಡು ದಾರಿ. ಒಂದು, ಬೆಳಿಗ್ಗೆ ಬೇಗ ಹೋಗುವುದು. ಇನ್ನೊಂದು, ಹೊರಗೆ ಪಶ್ಚಿಮದ ಕಡೆಯ ಕನಕನ ಕಿಂಡಿಯ ಎದುರು ಸಾವಕಾಶ ನಿಲ್ಲುವುದು. ದೇವರು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಅಲ್ಲಿಂದಲೂ ಕಾಣುತ್ತದೆ, ಸರತಿ ಸಾಲೂ ಇಲ್ಲ, ಅಂಗಿ ತೆಗೆಯುವ ಪ್ರಶ್ನೆಯೂ ಇಲ್ಲ. ಮಧ್ಯಾಹ್ನ ಮಠದಲ್ಲೇ ಊಟವಿದೆ, ಎಲ್ಲರಿಗೂ ಉಚಿತ. ನೆಲದ ಮೇಲೆ ಕೂರಲಾಗದಿದ್ದರೆ ಮೊದಲೇ ಹೇಳಿ, ಸ್ವಯಂಸೇವಕರು ದಾರಿ ತೋರಿಸುತ್ತಾರೆ.

ರಥೋತ್ಸವ ನೋಡುವ ಆಸೆಯಿದ್ದರೆ ಆಗಸ್ಟ್‌ನಲ್ಲಿ ನಿರಾಸೆಯೇ. ಮಳೆಗಾಲದ ನಾಲ್ಕು ತಿಂಗಳ ವ್ರತವಾದ ಚಾತುರ್ಮಾಸ್ಯದಲ್ಲಿ ಉತ್ಸವಮೂರ್ತಿ ಹೊರಗೆ ಬರುವುದಿಲ್ಲ. ಇದಕ್ಕೆ ಇರುವ ವಿನಾಯಿತಿಯೇ ಈ ಊರಿನ ದೊಡ್ಡ ಹಬ್ಬ. ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿ, ಅವತ್ತು ರಥದಲ್ಲಿ ಬರುವುದು ಮಣ್ಣಿನಿಂದ ಮಾಡಿದ ಕೃಷ್ಣ. ಉತ್ಸವ ಮುಗಿದ ಮೇಲೆ ಮಧ್ವ ಸರೋವರದಲ್ಲಿ ವಿಸರ್ಜನೆ. ರಥಬೀದಿಯುದ್ದಕ್ಕೂ ಮೊಸರು ಕುಡಿಕೆ, ಹುಲಿವೇಷ, ತಾಸೆಯ ಪೆಟ್ಟು. ಬರುವ ತಾರೀಖು ಇನ್ನೂ ಗೊತ್ತು ಮಾಡಿಲ್ಲ ಎಂದಿದ್ದೀರಲ್ಲ, ಇದಕ್ಕೆ ಹೊಂದಿಸಿಕೊಳ್ಳಲು ಆಗುತ್ತದೆಯೇ ನೋಡಿ. ಆದರೆ ಗೋಡೆಯ ಕ್ಯಾಲೆಂಡರಿನ ಕೃಷ್ಣಾಷ್ಟಮಿ ನೋಡಿ ಟಿಕೆಟ್ ಮಾಡಬೇಡಿ. ಇಲ್ಲಿ ಸೌರಮಾನದ ಲೆಕ್ಕ, ಸೂರ್ಯ ಸಿಂಹ ರಾಶಿಯಲ್ಲಿರುವ ಸಿಂಹ ಮಾಸ ಬರಬೇಕು. ಕೆಲವು ವರ್ಷ ಬೇರೆ ಊರುಗಳಲ್ಲಿ ಆಗಸ್ಟ್‌ನಲ್ಲೇ ಮುಗಿದ ಅಷ್ಟಮಿ ಇಲ್ಲಿ ಸೆಪ್ಟೆಂಬರ್‌ಗೆ ಹೋಗುತ್ತದೆ. ಮಠದ ಪ್ರಕಟಣೆಯ ದಿನವನ್ನೇ ನಂಬಿ. ಆ ದಿನ ಅಮ್ಮನನ್ನು ಮಾತ್ರ ಬೀದಿಯ ನಡುವೆ ನಿಲ್ಲಿಸಬೇಡಿ, ಜನ ಒಮ್ಮೆಲೇ ಒತ್ತುತ್ತಾರೆ. ಜಗಲಿ ಇರುವ ಜಾಗ ಮೊದಲೇ ಹಿಡಿದು ಕೂರಿಸಿ.

ಸಂಜೆಗೆ ಗೋಳಿಬಜೆ. ರಥಬೀದಿಯ ಹತ್ತಿರದ ಮಿತ್ರ ಸಮಾಜದಲ್ಲಿ ಚೆನ್ನಾಗಿರುತ್ತದೆ, ಬಿಸಿ ಇರುವಾಗಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ರಬ್ಬರು. ಈ ತಿಂಗಳಿನ ಅಸಲು ರುಚಿ ಬೇರೆ: ಕೆಸುವಿನ ಎಲೆಯ ಪತ್ರೊಡೆ, ಕಳಲೆ ಪಲ್ಯ. ಕೇಳಿದರೆ ಕೆಲವು ಹೋಟೆಲುಗಳಲ್ಲಿ ಸಿಗುತ್ತದೆ. ಮಟ್ಟು ಊರಿನ ಬದನೆ ಮಟ್ಟುಗುಳ್ಳವನ್ನು ಈಗ ಹುಡುಕಬೇಡಿ, ಅದು ಮಳೆ ಕಳೆದ ಮೇಲಿನ ಬೆಳೆ. ಮೀನು ತಿನ್ನುವವರಾದರೆ ಇದೂ ಗೊತ್ತಿರಲಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗಸ್ಟ್ ಶುರುವಿನಲ್ಲಿ ಕಡಲು ಅಬ್ಬರಿಸಿದರೆ ದೋಣಿಗಳು ಹೊರಡುವುದೂ ತಡವಾಗುತ್ತದೆ. ತಟ್ಟೆಯಲ್ಲಿರುವುದು ಮಲ್ಪೆಯ ಮೀನೇ ಆಗಿರಬೇಕೆಂದಿಲ್ಲ.

ಎರಡನೆಯ ದಿನಕ್ಕೆ ನಾನು ಹೇಳುವುದು ಕಾರ್ಕಳ ಮತ್ತು ಮೂಡುಬಿದಿರೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಕಾರ್ಕಳಕ್ಕೆ ಖಾಸಗಿ ಬಸ್ಸುಗಳಿವೆ. ಮಣಿಪಾಲ–ಪರ್ಕಳ–ಹಿರಿಯಡಕದ ಮೂಲಕ ಹೋಗುವುದನ್ನೇ ಹಿಡಿದರೆ ಉಡುಪಿಗೆ ಇಳಿಯುವ ಕೆಲಸವಿಲ್ಲ. ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಕಾರ್ಕಳದಲ್ಲಿ ಎಲ್ಲರೂ ಮೊದಲು ಓಡುವುದು ಗೊಮ್ಮಟನ ಕಡೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಮೂರ್ತಿ, ಬರಿ ಬಂಡೆಯ ಗುಡ್ಡದ ಮೇಲೆ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಮಳೆಯಲ್ಲಿ ಪಾಚಿ ಹಿಡಿದಿರುತ್ತದೆ. ಅಮ್ಮ ಹತ್ತುವುದು ಬೇಡ, ರಿಕ್ಷಾದವರನ್ನು ಕೇಳಿದರೆ ವಾಹನ ಹೋಗುವಷ್ಟು ದೂರ ಮೇಲೆ ಬಿಡುತ್ತಾರೆ.

ಮಳೆ ಜೋರಾಗಿದ್ದರೆ ಗೊಮ್ಮಟನನ್ನು ತಡಮಾಡಿ, ಹತ್ತಿರದ ಚತುರ್ಮುಖ ಬಸದಿಗೆ ಹೋಗಿ. ನನಗೆ ಕೇಳಿದರೆ ಇದೇ ಹೆಚ್ಚು. 1586ರದ್ದು, ಪೂರ್ತಿ ಕಲ್ಲು, ಚಾವಣಿಯೂ ಕಲ್ಲಿನ ಚಪ್ಪಡಿಯದ್ದೇ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ಯಾವ ಬಾಗಿಲಿನಿಂದ ಇಣುಕಿದರೂ ಅರ, ಮಲ್ಲಿ, ಮುನಿಸುವ್ರತ ಮೂವರು ತೀರ್ಥಂಕರರೂ ಸಾಲಾಗಿ ನಿಂತಿರುತ್ತಾರೆ. ಸುತ್ತಿನ ಜಗಲಿಯಲ್ಲಿ ಕೂತರೆ ಎದುರಿಗೆ ಗೊಮ್ಮಟನ ಗುಡ್ಡ, ಮೋಡ ಸರಿದಾಗ ಭುಜದಿಂದ ಮೇಲೆ ಕಾಣುತ್ತಾನೆ. ಆಮೇಲೆ ಮಂಗಳೂರು ಕಡೆಯ ಬಸ್ಸು ಹತ್ತಿ ಮೂಡುಬಿದಿರೆಯಲ್ಲಿ ಇಳಿಯಿರಿ, 18 ಕಿಲೋಮೀಟರ್ ಆಸುಪಾಸು. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅಲ್ಲಿ ಕಂಬ ಎಣಿಸುವುದಕ್ಕಿಂತ ಮೇಲಿನ ಮಾಡನ್ನು, ಅಂದರೆ ಚಾವಣಿಯನ್ನು ನೋಡಿ. ಅಂತಸ್ತಿನ ಮೇಲೆ ಅಂತಸ್ತು ಇಳಿಜಾರು, ಈ ಮಳೆಯನ್ನು ಲೆಕ್ಕ ಹಾಕಿಯೇ ಕಟ್ಟಿದ್ದು. ಬಿಸಿಲಿನಲ್ಲಿ ಬಂದವರಿಗೆ ಅದು ಬರಿ ಚಂದ, ಆಗಸ್ಟ್‌ನಲ್ಲಿ ನೀರು ಹಂತ ಹಂತವಾಗಿ ಇಳಿದು ಗೋಡೆಗೆ ತಾಗದೆ ಅಂಗಳಕ್ಕೆ ಬೀಳುವುದು ಕಣ್ಣಿಗೇ ಕಾಣುತ್ತದೆ. ಈ ಎರಡು ಊರಿಗೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಕತ್ತಲೆಯೊಳಗೆ ವಾಪಸು.

ಮೂರನೆಯ ದಿನ ಮಣಿಪಾಲದಲ್ಲೇ ಇರಿ, ಮಗಳಿಗೆ ಹೇಗೂ ಬಕೆಟ್ಟು, ಹಗ್ಗ, ಹ್ಯಾಂಗರ್ ತರುವ ಕೆಲಸ ಇದ್ದೇ ಇರುತ್ತದೆ. ಹಸ್ತಶಿಲ್ಪ ಪಾರಂಪರಿಕ ಗ್ರಾಮ ತಪ್ಪಿಸಬೇಡಿ. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮರಳಿ ನಿಲ್ಲಿಸಿದರು: ಕುಂಜೂರು ಚೌಕಿಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್. ಮನಸ್ಸಿಗೆ ಬಂದಾಗ ನುಗ್ಗಿ ನೋಡುವ ಜಾಗ ಅಲ್ಲ, ಗೈಡ್ ಜೊತೆ ಗುಂಪಾಗಿ ಒಳಗೆ ಬಿಡುತ್ತಾರೆ. ಮೊದಲೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳದೆ ಹೋದರೆ ಗೇಟಿನಿಂದಲೇ ಮರಳಬೇಕಾದೀತು. ಒಂದು ಮನೆಯಿಂದ ಇನ್ನೊಂದಕ್ಕೆ ಹೊರಗೆ ನಡೆಯಬೇಕು, ಅಮ್ಮನಿಗೆ ಹಿಡಿತವಿರುವ ಚಪ್ಪಲಿ ಇರಲಿ.

ಮೆಡಿಕಲ್ ಕಾಲೇಜಿನ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿ ಆನೆಯ ಅಸ್ಥಿಪಂಜರವಿದೆ, ಗಾಜಿನ ಜಾಡಿಗಳಲ್ಲಿ ಮನುಷ್ಯನ ಅಂಗಾಂಗಗಳೂ ಇವೆ. ಫಾರ್ಮಾಲಿನ್ ವಾಸನೆ ಆಗದವರು, ಸಣ್ಣ ಮಕ್ಕಳು ಹೊರಗೇ ಇರುವುದು ಒಳ್ಳೆಯದು. ಮಳೆ ಒಂದು ಗಳಿಗೆ ಹೊಳವಾದರೆ ಗುಡ್ಡದ ಅಂಚಿನ ಎಂಡ್ ಪಾಯಿಂಟ್‌ಗೆ ಹೋಗಿ, ಕೆಳಗೆ ಸ್ವರ್ಣಾ ನದಿ ಕೆಂಪಗೆ ತುಂಬಿ ಹರಿಯುವುದು ಕಾಣುತ್ತದೆ. ಬೇಲಿ ದಾಟಿ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವವರ ಜೊತೆ ಸೇರಬೇಡಿ, ಮುರಕಲ್ಲು ಒದ್ದೆಯಾದಾಗ ಸಾಬೂನು ಹಚ್ಚಿದಂತೆ ಜಾರುತ್ತದೆ.

ಆಗುಂಬೆಗೆ ಹೋಗಲೇಬೇಕೆನಿಸಿದರೆ ಸೂರ್ಯಾಸ್ತಕ್ಕಲ್ಲ, ಘಾಟಿಗಾಗಿ ಹೋಗಿ. ಹೆಬ್ರಿ, ಸೋಮೇಶ್ವರ ದಾಟಿ ಮೇಲೆ ಹತ್ತುವ ಮಿನಿ ಬಸ್ಸಿನ ಕಿಟಕಿಯಿಂದಲೇ ಕಾಡು, ಮಂಜು, ಅದೃಷ್ಟವಿದ್ದರೆ ಸಿಂಗಳೀಕ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಇಳಿಯಿರಿ, ಕೊನೆಯ ಬಸ್ಸನ್ನು ನೆಚ್ಚಬೇಡಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಗುಡ್ಡ ಕುಸಿದಿರಬಹುದು, ಹೊರಡುವ ಮುಂಚೆ ನಿಲ್ದಾಣದಲ್ಲಿ ವಿಚಾರಿಸಿ. ಕಾಲುದಾರಿ ಹಿಡಿದರೆ ಉಂಬಳ (ಜಿಗಣೆ) ಹತ್ತುತ್ತದೆ. ಕೂಡ್ಲು ತೀರ್ಥ, ಜೋಮ್ಲು ತೀರ್ಥ ಜಲಪಾತಗಳು ಈ ಕಾಲಕ್ಕೆ ಬೇಡವೇ ಬೇಡ, ನೀರು ಏರುವುದು ಗೊತ್ತೇ ಆಗುವುದಿಲ್ಲ.

ಡಿಸೆಂಬರ್‌ನಲ್ಲಿ ಬಂದಾಗ ಮೊದಲು ದ್ವೀಪ. ವಾರದ ನಡುವಿನ ದಿನ, ಬೆಳಗಿನ ಬೋಟು. ಮಧ್ಯಾಹ್ನ ಗಾಳಿ ಎದ್ದು ಬೋಟು ಕುಲುಕುತ್ತದೆ, ಭಾನುವಾರ ಸಾಲು ಕರಗುವುದೇ ಇಲ್ಲ. ಜನ ಭರ್ತಿಯಾದ ಮೇಲಷ್ಟೇ ಬೋಟು ಹೊರಡುವುದು. ಅಲ್ಲಿ ನೋಡಬೇಕಾದದ್ದು ತೆಂಗಿನ ಮರವಲ್ಲ, ಕಲ್ಲು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಹರಿದ ಲಾವಾ ತಣಿಯುತ್ತಾ ಕುಗ್ಗಿ ಸೀಳಿ ಕಂಬಗಳಾಗಿದೆ. ಮೇಲಿನಿಂದ ನೋಡಿದರೆ ಹೆಚ್ಚಿನವು ಆರು ಮೂಲೆ, ಐದು, ಏಳರವೂ ಇವೆ. ಅಂಚು ಹರಿತ, ಕಪ್ಪೆಚಿಪ್ಪಿನ ಚೂರು ಬೇರೆ, ಬರಿಗಾಲಲ್ಲಿ ಇಳಿಯಬೇಡಿ. ನೆರಳು ಕಡಿಮೆ, ನೀರು ತುಂಬಿಸಿಕೊಂಡೇ ಹೋಗಿ. ಸಂಜೆ ಕಾಪು ದೀಪಸ್ತಂಭ, 1901ರದ್ದು, ಮೇಲೆ ಹತ್ತಲು ಬಿಡುವುದು ಸಂಜೆಯ ಹೊತ್ತಿನಲ್ಲಿ ಮಾತ್ರ. ರಾತ್ರಿಗೆ ಯಕ್ಷಗಾನ. ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ದಿನದವರೆಗೆ. ಮಂದಾರ್ತಿ ಮೇಳದ ಹರಕೆ ಆಟಕ್ಕೆ (ಭಕ್ತರು ಹರಕೆ ಹೊತ್ತು ಆಡಿಸುವ ಯಕ್ಷಗಾನಕ್ಕೆ) ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ರಾತ್ರಿಯಿಡೀ ಆಗದಿದ್ದರೆ ಕಾಲಮಿತಿಯ ಆಟ ಎಲ್ಲಿದೆ ಎಂದು ವಿಚಾರಿಸಿ.

ಕೊನೆಗೆ ರೈಲಿನ ವಿಷಯ. ಉಡುಪಿ ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಉಡುಪಿ–ಮಣಿಪಾಲ ರಸ್ತೆಯಲ್ಲೇ. ಮಣಿಪಾಲಕ್ಕೆ ಹೋಗುವವರು ಪೇಟೆಗೆ ಹೋಗಿ ಸುತ್ತಿ ಬರಬೇಕಿಲ್ಲ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ಜೂನ್‌ನಿಂದ ಅಕ್ಟೋಬರ್‌ವರೆಗೆ. ಟಿಕೆಟ್ ಮಾಡಿಸಿದಾಗ ನೋಡಿದ ಸಮಯವನ್ನೇ ನೆಚ್ಚದೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ.