ಕ್ಯಾಂಪರ್‌ನಲ್ಲಿ ರಾತ್ರಿಯಿಡೀ ಎಸಿ: ದಯವಿಟ್ಟು ಬೇಡ

ಪ್ರಶ್ನೆ: ಡಿಸೆಂಬರ್ ರಜೆಗೆ ಕ್ಯಾಂಪರ್ ವ್ಯಾನ್ ಬಾಡಿಗೆ ಹಿಡಿದು ಮಂಗಳೂರಿನಿಂದ ಕಾರವಾರಕ್ಕೆ ಮಕ್ಕಳೊಂದಿಗೆ ಹೊರಟಿದ್ದೇವೆ. ಕಡಲ ಬದಿಯಲ್ಲೇ ನಿಲ್ಲಿಸಿ, ಜನರೇಟರ್ ಹಾಕಿ ಎಸಿಯಲ್ಲಿ ಮಲಗಬಹುದೇ? ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಎಂದು ವ್ಯಾನಿನವರು ಹೇಳಿದ್ದಾರೆ.

ಉತ್ತರ: ಮಲಗಬೇಡಿ. ಕಿಟಕಿ ಸಾಲದು. ಪ್ರತಿ ರಜೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ‘ಏನೂ ಆಗಲ್ಲ’ ಎಂದು ಧೈರ್ಯ ಹೇಳಿರುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರ್‌ನ ಹೊಗೆಯಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ನಮ್ಮವರು ಇದನ್ನು ಪಿತ್ತ ಎಂದುಕೊಂಡು ನಿಂಬೆ ಪಾನಕ ಕುಡಿಸಿ ಮತ್ತೆ ಒಳಗೇ ಮಲಗಿಸುತ್ತಾರೆ. ಹಾಗೆ ಮಾಡಬೇಡಿ! ಎಲ್ಲರನ್ನೂ ಹೊರಗೆ ಗಾಳಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಒಳಗೆ ಇದ್ದಿಲು ಇಟ್ಟರೆ ವಿಷಗಾಳಿ ಹೀರಿಕೊಳ್ಳುತ್ತದೆ ಎನ್ನುವವರ ಮಾತು ಶುದ್ಧ ಸುಳ್ಳು. ಕಿಟಕಿ ತೆರೆದರೂ, ಗಾಳಿ ಆ ಕಡೆಗೇ ಬೀಸುತ್ತಿದ್ದರೆ ಹೊಗೆ ಅದೇ ಕಿಟಕಿಯಿಂದ ಒಳಗೆ ಬರುತ್ತದೆ. ಎಂಜಿನ್ ಓಡಿಸಿ ಎಸಿ ಹಾಕಿದರೂ ಅಪಾಯ ಅದೇ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ವ್ಯಾನ್ ನಾನಾದರೆ ಬಾಡಿಗೆಗೆ ಹಿಡಿಯುವುದಿಲ್ಲ. ಅದು ಮಲಗುವವರ ತಲೆಯ ಮಟ್ಟದಲ್ಲಿರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತದೆ. ಅದರ ಅಲಾರಂ ಬೇರೆಯೇ, ಅದು ನೆಲದ ಹತ್ತಿರ ಇರಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಹಾಗಾದರೆ ಸೆಕೆಗೆ ಏನು ಮಾಡುವುದು? ಸೋಲಾರ್ ನಂಬಬೇಡಿ. 200 ವಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ಒಂದು ಯೂನಿಟ್ ಕೊಡುತ್ತದೆ. ಫ್ಯಾನ್, ದೀಪ, ಮೊಬೈಲ್‌ಗೆ ಸಾಕು. ಒಂದು ಟನ್ ಎಸಿ ಅದನ್ನು ಒಂದೆರಡು ಗಂಟೆಯಲ್ಲಿ ಮುಗಿಸಿಬಿಡುತ್ತದೆ. ಎಸಿ ಬೇಕೇ ಬೇಕೆಂದರೆ ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ, ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಪ್ಲಗ್‌ನಿಂದ ಕರೆಂಟ್ ತೆಗೆದುಕೊಳ್ಳಿ. ನಿಮ್ಮ ದಾರಿ ಸುಮಾರು 270 ಕಿಲೋಮೀಟರ್ ಮಾತ್ರ. ಮಲ್ಪೆ, ಮರವಂತೆ, ಮುರ್ಡೇಶ್ವರ, ಗೋಕರ್ಣ ಎಂದು ನಾಲ್ಕು ರಾತ್ರಿ ಹಂಚಿಕೊಳ್ಳಿ. ಪ್ಲಗ್ ಇದೆಯೇ, ವ್ಯಾನ್ ತಿರುಗಿಸಲು ಜಾಗವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಗೋಕರ್ಣದಲ್ಲಿ ವ್ಯಾನ್ ಊರ ಹೊರಗೇ ಇರಲಿ, ರಥಬೀದಿಗೆ ನುಗ್ಗಿಸಬೇಡಿ. ಸಂಜೆ ಐದಕ್ಕೆಲ್ಲ ತಂಗುವ ಜಾಗ ಸೇರಿಬಿಟ್ಟರೆ ಸೂರ್ಯಾಸ್ತವೂ ನೆಮ್ಮದಿಯಿಂದ ಸಿಗುತ್ತದೆ, ಕತ್ತಲಲ್ಲಿ ಜಾಗ ಹುಡುಕುವ ಪಾಡೂ ತಪ್ಪುತ್ತದೆ.

ಪ್ರಶ್ನೆ: ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಮರವಂತೆಯಲ್ಲಿ ಮರಳಿನ ಮೇಲೆ ವ್ಯಾನ್ ಇಳಿಸಬಹುದಂತೆ?

ಉತ್ತರ: ಇಳಿಸಬೇಡಿ. ಭಾರದ ವ್ಯಾನ್ ಹೂತರೆ ಎಳೆಯಲು ಕ್ರೇನ್ ಬರುವಷ್ಟರಲ್ಲಿ ಭರತದ ನೀರು ಬಂದಿರುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನೋಡಲು ನಡೆದುಕೊಂಡೇ ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ಇದೇ ದಾರಿ ಇನ್ನೂ ಚೆಂದವಲ್ಲವೇ?

ಉತ್ತರ: ಚೆಂದ ಹೌದು. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಇದೇ ಹೆದ್ದಾರಿಯ ಮೇಲೆ ಕುಸಿದಾಗ ರಸ್ತೆ ಬದಿ ನಿಂತಿದ್ದವರೇ ಸಿಕ್ಕಿಕೊಂಡರು. ನವೆಂಬರ್‌ವರೆಗೆ ಕಾಯಿರಿ.

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರ್ ಅನ್ನು ಗ್ಯಾರೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಕ್ಯಾಂಪರ್ ಮಾಡಿಸಬಹುದೇ?

ಉತ್ತರ: ಆರ್‌ಟಿಒ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ನಮೂದಿಸಿಕೊಡುವ ಗ್ಯಾರೇಜಾದರೆ ಮಾಡಿಸಿ. ‘ಪೇಪರ್ ಆಮೇಲೆ ನೋಡೋಣ ಸಾರ್’ ಎಂದರೆ ಗಾಡಿ ವಾಪಸ್ ತೆಗೆದುಕೊಂಡು ಬನ್ನಿ.