ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ಪೇಷಂಟ್ ಜೀವನ ಎಷ್ಟು ಸುಧಾರಿಸಿದೆ ಅಂತ ಹೇಗೆ ಅಳೀತಾರೆ? ಹೃದಯದ ಸ್ಕ್ಯಾನ್, ಅಂದ್ರೆ ಎಕೋ ರಿಪೋರ್ಟ್ ಸಾಲಲ್ವಾ?

ಪೇಷಂಟನ್ನೇ ಕೇಳಿ ಅಳೀತಾರೆ. ಅದಕ್ಕೆ ಅಂತಾನೇ ಪರೀಕ್ಷೆ ಮಾಡಿ ಒಪ್ಪಿರೋ ಪ್ರಶ್ನಾವಳಿಗಳಿವೆ, ಉದಾಹರಣೆಗೆ ಎಸ್‌ಎಫ್-36 ಅನ್ನೋದ್ರಲ್ಲಿ 36 ಪ್ರಶ್ನೆ, ಮೆಟ್ಟಿಲು ಹತ್ತೋಕಾಗುತ್ತಾ, ನೋವು ಎಷ್ಟಿದೆ, ಮನಸ್ಸು ಕುಗ್ಗಿದ್ಯಾ, ಜನರ ಜೊತೆ ಬೆರೀತಿದ್ದೀರಾ ಅಂತೆಲ್ಲ ಕೇಳಿ ಒಂದೊಂದು ವಿಭಾಗಕ್ಕೂ 0ಯಿಂದ 100ರ ತನಕ ಸ್ಕೋರ್ ಹಾಕ್ತಾರೆ. ಆಪರೇಷನ್‌ಗೆ ಮುಂಚೆ ಒಂದ್ಸಲ, ಆಮೇಲೆ ಆಗಾಗ ಅದೇ ಪ್ರಶ್ನೆ ಕೇಳಿದ್ರೆ ಬದಲಾವಣೆ ಗೊತ್ತಾಗುತ್ತೆ.

ಎಕೋ ಖಂಡಿತ ಸಾಲಲ್ಲ, ಅದು ಹೇಳೋದು ಹೃದಯದ ವಿಷ್ಯ ಮಾತ್ರ. ಹೃದಯ ಚೆನ್ನಾಗೇ ಪಂಪ್ ಮಾಡ್ತಿರುತ್ತೆ, ಆದ್ರೆ ದೇಹ ಅದನ್ನ ತಿರಸ್ಕರಿಸಬಾರದು ಅಂತ ಜೀವನಪೂರ್ತಿ ತಗೋಬೇಕಾದ ಮಾತ್ರೆಗಳಿವೆಯಲ್ಲ, ಟ್ಯಾಕ್ರೊಲಿಮಸ್ ಥರದ್ದು, ಅದ್ರಿಂದ ಕೈ ನಡುಗಿ ಲೋಟ ಹಿಡಿಯೋದೇ ಕಷ್ಟ ಆಗಿರಬಹುದು, ಸ್ಟಿರಾಯ್ಡ್‌ನಿಂದ ನಿದ್ದೆ ಕೆಟ್ಟಿರಬಹುದು, ಮುಂದೇನೋ ಅನ್ನೋ ಭಯ ಬೇರೆ. ಇದ್ಯಾವುದೂ ಸ್ಕ್ಯಾನ್‌ನಲ್ಲಿ ಕಾಣಲ್ಲ.

ಒಂದು ತೊಡಕೂ ಇದೆ. ಇಷ್ಟೆಲ್ಲ ಅನುಭವಿಸಿದವರ ಅಳತೆಗೋಲೇ ಬದಲಾಗಿರುತ್ತೆ, ಮೊದಲು ಉಸಿರಾಡೋಕೇ ಒದ್ದಾಡ್ತಿದ್ದವರು ಈಗ ಸ್ವಲ್ಪ ದೂರ ನಡೆದ್ರೂ ಆರಾಮಿದ್ದೀನಿ ಅಂತಾರೆ, ಹಾಗಾಗಿ ಬರೀ ಸ್ಕೋರ್ ನೋಡದೆ ಕೂತು ಮಾತಾಡಿಸಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.