ಬಾಗಿಲು ಹಾಕಿಕೊಳ್ಳಲು ಒಂದು ಕಂಪನಿ

ನಾನು ಆಪ್ತಸಲಹೆಗಾರ್ತಿ. ಹಾಡುವವರು ನನ್ನ ಬಳಿಗೆ ಹಾಡಿನ ವಿಷಯ ಹಿಡಿದು ಬರುವುದಿಲ್ಲ. ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಡುಕು, ಎದೆ ಹೊಡೆದುಕೊಳ್ಳುತ್ತದೆ, ಡಾಕ್ಟರು ನೋಡಿ ಇಸಿಜಿ ಸರಿಯಾಗಿದೆ ಎಂದರು ಎಂದು ಬರುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಮೊಬೈಲ್ ತೆಗೆದು, ತಾವೇ ರಾಗ ಹಾಕಿದ ಹಾಡೊಂದನ್ನು ಕೇಳಿಸುತ್ತಾರೆ. ಅದರ ಹಿಂದೆಯೇ ಪ್ರಶ್ನೆ: “ಯಾವುದಾದರೂ ಆಡಿಯೋ ಕಂಪನಿಯವರು ನನ್ನನ್ನು ತೆಗೆದುಕೊಳ್ಳುತ್ತಾರಾ, ಮೇಡಂ?” ಈಚಿನ ವರ್ಷಗಳಲ್ಲಿ ಈ ಪ್ರಶ್ನೆ ನನ್ನ ಕೊಠಡಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಸಣ್ಣ ಊರಿನವರು, ಕೈಯಲ್ಲೊಂದು ಉದ್ಯೋಗ ಇರುವವರು, ಕಂಠ ಚೆನ್ನಾಗಿರುವವರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಕರಣ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಮೂವತ್ತರ ಆಸುಪಾಸು. ಮಧ್ಯ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಒಂದನೇ ತರಗತಿಯ ಮಗ. ಮದುವೆಗೆ ಮೊದಲು ಕೆಲವು ವರ್ಷ ಹಿಂದೂಸ್ತಾನಿ ಕಲಿತಿದ್ದರು. ಆರು ಹಾಡುಗಳು ಸಿದ್ಧವಾಗಿದ್ದವು: ಮೂರಕ್ಕೆ ಸಾಹಿತ್ಯವೂ ರಾಗವೂ ಅವರದೇ, ಎರಡು ಅಕ್ಕಮಹಾದೇವಿಯ ವಚನಗಳು, ಒಂದು ಬೇಂದ್ರೆಯವರ ಕವಿತೆ. ಆಡಿಯೋ ಕಂಪನಿಯೊಂದು ಇವುಗಳನ್ನು ಬಿಡುಗಡೆ ಮಾಡಲು ಮುಂದೆ ಬಂದಿತ್ತು. ಅದಕ್ಕೆ 1,60,000 ರೂಪಾಯಿಯನ್ನು ಆಕೆಯೇ ಕೊಡಬೇಕು. ತವರಿನವರು ಹಾಕಿದ ಬಳೆಗಳನ್ನು ಅಡವಿಡುವ ಮಾತಾಗಿತ್ತು. ಸಹಿ ಹಾಕುವ ದಿನ ಹತ್ತಿರ ಬಂದಂತೆಲ್ಲ ನಿದ್ದೆ ದೂರವಾಗಿತ್ತು.

ನಾನು ಕೇಳಿದೆ: “ಕಂಪನಿ ಸಹಿ ಹಾಕಿತು ಎಂದುಕೊಳ್ಳಿ. ಮರುದಿನ ಬೆಳಗಿನಿಂದ ರಾತ್ರಿಯವರೆಗೆ ನಿಮ್ಮ ಮನೆಯಲ್ಲಿ ಏನೇನು ಬದಲಾಗುತ್ತದೆ? ಹೊತ್ತು ಹೊತ್ತಿಗೆ ಹೇಳಿ.”

ಆಕೆ ಬೆರಳು ಮಡಚುತ್ತಾ ಹೇಳತೊಡಗಿದರು. ಬೆಳಿಗ್ಗೆ ಅದೇ ನೀರು, ಅದೇ ತಿಂಡಿ, ಮಗನ ಡಬ್ಬಿ. ಕಚೇರಿಯೂ ಅದೇ. ಸಂಜೆಗೆ ಬಂದಾಗ ಮಾತು ನಿಂತಿತು. ಬಹಳ ಹೊತ್ತಿನ ನಂತರ ಹೇಳಿದರು: “ಸಂಜೆ ಏಳಕ್ಕೆ ಕೋಣೆಯ ಬಾಗಿಲು ಹಾಕಿಕೊಳ್ಳಬಹುದು. ಕಂಪನಿಯವರ ರೆಕಾರ್ಡಿಂಗ್ ಇದೆ, ಅಭ್ಯಾಸ ಮಾಡಬೇಕು ಎಂದರೆ ಯಾರೂ ಕರೆಯುವುದಿಲ್ಲ.”

ಈಗ ಕರೆಯುತ್ತಾರೆಯೇ ಎಂದೆ. ಈಗ ಆ ಮನೆಯಲ್ಲಿ ಹೆಂಗಸು ಹಗಲು ಬಾಗಿಲು ಹಾಕಿಕೊಂಡರೆ ತಲೆನೋವು ಎಂದೇ ಅರ್ಥವಂತೆ. ಆಲಾಪ ಶುರುವಾಗುವ ಮೊದಲೇ ಅತ್ತೆ ಬಾಗಿಲು ತಟ್ಟಿ, “ಏನಾಯಿತಮ್ಮ, ಅಮೃತಾಂಜನ ಕೊಡಲಾ?” ಎನ್ನುತ್ತಾರೆ. ಮಗ ಬಂದು ಪೆನ್ಸಿಲ್ ಕೇಳುತ್ತಾನೆ. ಗಂಡ ಬಂದು ಬೈಕಿನ ಬೀಗದ ಕೈ ಕೇಳುತ್ತಾರೆ. ಹಾಡುವುದು ಕಚೇರಿಯ ಊಟದ ಬಿಡುವಿನಲ್ಲಿ, ಗೊಬ್ಬರದ ಗೋದಾಮಿನ ಹಿಂದೆ.

“ಬೈಯುವವರಿದ್ದರೆ ಜಗಳವಾಡಬಹುದಿತ್ತು, ಮೇಡಂ. ಯಾರೂ ಬೈಯುವುದಿಲ್ಲ. ಕರೆಯುತ್ತಾರೆ, ಅಷ್ಟೆ.”

ಹಾಡುವವರ, ಬರೆಯುವವರ, ಚಿತ್ರ ಬಿಡಿಸುವವರ ಮನೆಗಳ ಬಗ್ಗೆ ನಾನು ಕೇಳಿರುವ ಮಾತುಗಳಲ್ಲಿ ಇದರಷ್ಟು ನಿಜವಾದದ್ದು ಕಡಿಮೆ. ವಿರೋಧವಿಲ್ಲದ ಮನೆಯಲ್ಲಿ ಸಮಯ ಕೇಳುವುದು ಹೇಗೆ? ಅದಕ್ಕೆ ಹೊರಗಿನವರ ಅಪ್ಪಣೆ ಬೇಕಾಗುತ್ತದೆ, ಮತ್ತು ಕಂಪನಿಯ ಹೆಸರು ಆ ಅಪ್ಪಣೆಯ ಕೆಲಸ ಮಾಡುತ್ತದೆ.

ಒಪ್ಪಂದದ ಕರಡು ಮೇಜಿನ ಮೇಲಿತ್ತು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ: “ನೀವು ಒಂದು ಗಂಟೆಯ ಬಾಗಿಲಿಗಾಗಿ ಬಳೆಗಳನ್ನೂ ಆರು ಹಾಡುಗಳನ್ನೂ ಕೊಡುತ್ತಿದ್ದೀರಿ. ಆ ಬಾಗಿಲು ಕಂಪನಿಯವರ ಬಳಿ ಇಲ್ಲ. ಇದಕ್ಕೆ ಸಹಿ ಹಾಕಬೇಡಿ.”

ಆಕೆಗೆ ಸಿಟ್ಟು ಬಂತು. “ನಿಮಗೆ ಹೇಳುವುದು ಸುಲಭ. ನಿಮ್ಮ ಕೋಣೆಯ ಹೊರಗೆ ಬೋರ್ಡ್ ಇದೆ” ಎಂದರು. ಆ ಮಾತು ಸರಿಯಾಗಿಯೇ ಇತ್ತು, ಸರಿ ಎಂದು ಒಪ್ಪಿಕೊಂಡೆ. ಬೋರ್ಡ್ ಇಲ್ಲದೆ ಒಂದು ಗಂಟೆ ಕೇಳುವುದು ಹೇಗೆ ಎಂಬುದೇ ಅಂದಿನಿಂದ ನಮ್ಮ ಕೆಲಸವಾಯಿತು.

ಸಹೋದ್ಯೋಗಿಗಳ ನಡುವೆ ಈ ಪ್ರಕರಣ ಚರ್ಚೆಗೆ ಬಂದಾಗ, ‘ಸಹಿ ಹಾಕಬೇಡಿ’ ಎಂದದ್ದಕ್ಕೆ ಆಕ್ಷೇಪ ಬಂತು. ಆಪ್ತಸಲಹೆಗಾರರು ಬುದ್ಧಿ ಹೇಳಬಾರದು, ಬಂದವರು ತಮ್ಮ ದಾರಿಯನ್ನು ತಾವೇ ಕಾಣಬೇಕು ಎಂಬುದು ನಮ್ಮ ತರಬೇತಿಯ ಮೊದಲ ಪಾಠ. ಆ ಪಾಠವನ್ನು ನಾನು ಗೌರವಿಸುತ್ತೇನೆ. ಮದುವೆ ಮುರಿಯಲೇ, ಊರು ಬಿಡಲೇ ಎಂದು ಕೇಳಿದವರಿಗೆ ಉತ್ತರ ಕೊಡುವುದಿಲ್ಲ. ಇಲ್ಲಿ ಸಹಿಯ ದಿನ ಗೊತ್ತಾಗಿತ್ತು, ಚಿನ್ನ ಅಡವಿನ ಅಂಗಡಿಯ ಬಾಗಿಲಲ್ಲಿತ್ತು. ಆ ಹೊತ್ತಿನಲ್ಲಿ ನಾನು ಸುಮ್ಮನಿದ್ದಿದ್ದರೆ ಆ ಮೌನವೂ ಕಂಪನಿಯ ಪರವಾಗಿಯೇ ನಿಲ್ಲುತ್ತಿತ್ತು. ಸಾಲ ಹೊತ್ತ ಮನಸ್ಸಿಗೆ ಆಮೇಲೆ ಉಸಿರಾಟದ ಅಭ್ಯಾಸ ಹೇಳಿಕೊಡುವುದಕ್ಕಿಂತ ಸಾಲ ಹೊರದಂತೆ ತಡೆಯುವುದು ನನಗೆ ಸರಿ ಕಂಡಿತು. ಇಂದಿಗೂ ಸರಿಯೆಂದೇ ಕಾಣುತ್ತದೆ.

ಕರಡನ್ನು ವಕೀಲರೊಬ್ಬರಿಗೆ ತೋರಿಸುವಂತೆ ಹೇಳಿ ಕಳುಹಿಸಿದೆ. ಅವರು ಬಿಡಿಸಿ ಹೇಳಿದ ಮೇಲೆ ಆಕೆಗೆ ತಿಳಿದದ್ದು ಇಷ್ಟು. ದುಡ್ಡು ಇವರದು, ಧ್ವನಿಮುದ್ರಣದ ಒಡೆತನ ಶಾಶ್ವತವಾಗಿ, ಜಗತ್ತಿನಾದ್ಯಂತ ಕಂಪನಿಯದು. ತಮ್ಮದೇ ಹಾಡನ್ನು ತಮ್ಮ ಚಾನೆಲ್‌ನಲ್ಲಿ ಇವರು ಹಾಕುವಂತಿಲ್ಲ. ಸಾಹಿತ್ಯದ ಹಕ್ಕಿನ ತಕರಾರು ಬಂದರೆ ಹೊಣೆ ಇವರದೇ. ಈ ಕೊನೆಯದು ಬರಿಯ ಅಂಜಿಕೆಯಲ್ಲ. ಕವಿ ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ (ಕಾಪಿರೈಟ್) ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯವರೆಗೆ ಅವರ ಕವಿತೆಯನ್ನು ಧ್ವನಿಮುದ್ರಿಸಿ ಬಿಡುಗಡೆ ಮಾಡಲು ಹಕ್ಕುದಾರರ ಅನುಮತಿ ಬೇಕು. ಕುವೆಂಪು ಅವರ ರಚನೆಗಳಿಗಾದರೆ ಈ ಗಡುವು 2054ರ ಕೊನೆ. ಅಕ್ಕನ ವಚನಕ್ಕೆ, ಪುರಂದರದಾಸರ ಪದಕ್ಕೆ, ಶಿಶುನಾಳ ಷರೀಫರ ಹಾಡಿಗೆ ಯಾರನ್ನೂ ಕೇಳಬೇಕಿಲ್ಲ. ವೇದಿಕೆಯಲ್ಲಿ ಹಾಡಿ ರೂಢಿಯಾದ ನಮ್ಮ ಗಾಯಕರಲ್ಲಿ ಅನೇಕರು ಈ ವ್ಯತ್ಯಾಸವನ್ನು ಯೋಚಿಸಿಯೇ ಇರುವುದಿಲ್ಲ.

ಇನ್ನೊಂದನ್ನು ಸ್ವಂತ ಹಾಡು ಕಟ್ಟುವವರೆಲ್ಲ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಗೀತರಚನೆಕಾರರು ಮತ್ತು ರಾಗ ಸಂಯೋಜಕರು ತಮ್ಮ ರಾಯಧನದ (ರಾಯಲ್ಟಿಯ) ಸಮಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ರಚನೆಕಾರರ ಪರವಾಗಿ ರಾಯಧನ ಸಂಗ್ರಹಿಸುವ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಒಪ್ಪಂದದಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ಹಕ್ಕಿನ ವರ್ಗಾವಣೆ ಐದು ವರ್ಷಕ್ಕೆ ಎಂದೇ ಲೆಕ್ಕ. ಅದಕ್ಕೇ ಆ ಕರಡಿನಲ್ಲಿ ‘ಶಾಶ್ವತ’ ಎಂದು ಬರೆದಿದ್ದರು.

ಮುಂದಿನ ಭೇಟಿಗೆ ಗಂಡನೂ ಬಂದರು. ಮೆತ್ತಗಿನ ಮನುಷ್ಯ. ಹೆಂಡತಿ ಆ ಸಂಜೆಯ ಗಂಟೆಯನ್ನು ನೇರವಾಗಿ ಕೇಳಿದಾಗ ಅವರಿಗೆ ಆಶ್ಚರ್ಯ: “ಬಳೆ ಅಡವಿಡಲು ನಾನೇ ಹೊರಟಿದ್ದೆ. ಒಂದು ಗಂಟೆ ಬೇಕು ಎಂದು ನೀನು ಕೇಳಲೇ ಇಲ್ಲವಲ್ಲ!” ಆಕೆ ಕೇಳಿದ್ದರು, ಕೇಳಿದ್ದು ಗಂಡನ ಕಿವಿಗೆ ಕೋರಿಕೆಯಾಗಿ ಬಿದ್ದಿರಲಿಲ್ಲ. ವಾರದಲ್ಲಿ ಐದು ದಿನ ಏಳರಿಂದ ಎಂಟೂಕಾಲು ಎಂದು ಗೊತ್ತುಮಾಡಿದೆವು. ಮಗನ ಹೋಂವರ್ಕ್ ಗಂಡನದು. ತಾಯಿಗೆ ವಿಷಯ ತಿಳಿಸುವುದೂ ಅವರದೇ ಎಂದು ನಾನು ಒತ್ತಿ ಹೇಳಿದೆ. ಸೊಸೆ ಕೇಳಿದರೆ ಅದು ಬೇಡಿಕೆ, ಮಗ ಹೇಳಿದರೆ ಅದು ಮನೆಯ ಏರ್ಪಾಡು. ಇದು ನ್ಯಾಯವೆಂದು ನಾನು ಹೇಳುವುದಿಲ್ಲ, ಆಕೆಯೂ ಹೇಳಲಿಲ್ಲ. ನ್ಯಾಯ ಸಿಗುವ ತನಕ ಅಭ್ಯಾಸ ಕಾಯಬೇಕಿಲ್ಲ ಎಂಬಲ್ಲಿ ಇಬ್ಬರೂ ಒಪ್ಪಿದೆವು.

ಇನ್ನು ಕಂಪನಿ ಇಲ್ಲದೆ ನಡೆಯುವ ಬಗೆ. ಕ್ಯಾಸೆಟ್ಟಿನ ಕಾಲದಲ್ಲಿ ಪ್ರತಿ ತೆಗೆಯುವ ಯಂತ್ರವೂ ಅಂಗಡಿಗೆ ತಲುಪಿಸುವ ಜಾಲವೂ ಕಂಪನಿಯ ಕೈಯಲ್ಲಿದ್ದವು, ಅವರನ್ನು ಬಿಟ್ಟು ಹಾಡು ಊರು ದಾಟುತ್ತಿರಲಿಲ್ಲ. ಇಂದು ವರ್ಷಕ್ಕಿಷ್ಟು ಶುಲ್ಕವನ್ನೋ ಆದಾಯದಲ್ಲೊಂದು ಪಾಲನ್ನೋ ಪಡೆದು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ಗಳಿಗೆ ಹಾಡು ತಲುಪಿಸುವ ವಿತರಣಾ ಸೇವೆಗಳಿವೆ. ಮುದ್ರಣದ ಒಡೆತನ ಗಾಯಕರಲ್ಲೇ ಉಳಿಯುತ್ತದೆ. ಹಾಡಿನ ಗುರುತಿನ ಐಎಸ್‌ಆರ್‌ಸಿ ಸಂಖ್ಯೆಯನ್ನೂ ಆ ಸೇವೆಯವರೇ ಕೊಡುತ್ತಾರೆ. ಆದರೆ ಇದರಿಂದ ಸಂಸಾರ ನಡೆಯುತ್ತದೆ ಎಂದು ಯಾರಿಗೂ ಹೇಳಲಾರೆ. ಒಬ್ಬರು ಒಮ್ಮೆ ಕೇಳಿದರೆ ಬರುವುದು ಪೈಸೆಗಳ ಲೆಕ್ಕ. 2024ರಿಂದ ಸ್ಪಾಟಿಫೈ, 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಧನ ಕೊಡುವುದಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರ ಜೊತೆಗೆ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೋ 90 ದಿನಗಳಲ್ಲಿ ಶಾರ್ಟ್ಸ್ ಎಂಬ ಕಿರು ವಿಡಿಯೋಗಳಿಗೆ ಒಂದು ಕೋಟಿ ವೀಕ್ಷಣೆಯೋ ಬೇಕು.

ಆದ್ದರಿಂದ ನನ್ನ ಸಲಹೆ ನಿಧಾನದ್ದು. ಸಂಬಳದಲ್ಲಿ ತಿಂಗಳಿಗೆ 3,000 ರೂಪಾಯಿ ಹಾಡಿಗೆ, ಅದರಾಚೆ ಒಂದು ರೂಪಾಯಿಯೂ ಬೇಡ, ಚಿನ್ನವಂತೂ ಬೇಡವೇ ಬೇಡ. ಆರು ಹಾಡು ಒಟ್ಟಿಗೆ ಬೇಡ, ಜಿಲ್ಲಾ ಕೇಂದ್ರದ ಸ್ಟುಡಿಯೋದಲ್ಲಿ ಒಂದೇ ಒಂದು ವಚನ ಮುದ್ರಿಸಿ. ಸಂಘದ ಲೆಕ್ಕ ಬರೆಯುವ ಕೈಯಿಂದಲೇ ಹಾಡಿನ ಜಮಾ ಖರ್ಚನ್ನೂ ಬರೆಯಿರಿ. ವೀಕ್ಷಣೆಯ ಅಂಕಿಯನ್ನು ಭಾನುವಾರ ಮಾತ್ರ ನೋಡಿ. ರಾತ್ರಿ ಎರಡು ಗಂಟೆಗೆ ಎದ್ದು ಅದನ್ನು ನೋಡುತ್ತಿದ್ದದ್ದೂ ನಿದ್ದೆ ಕೆಡಲು ಒಂದು ಕಾರಣವಾಗಿತ್ತು. ಮನೆಯವರಿಗೆ ತೋರಿಸಲು ಒಂದು ಕಾಗದವೇ ಬೇಕಿದ್ದರೆ ಆಕಾಶವಾಣಿಯ ಧ್ವನಿಪರೀಕ್ಷೆಗೆ ಕೂರಿ. ಮೊದಲ ಮೆಟ್ಟಿಲಾದ ‘ಬಿ’ ಶ್ರೇಣಿ ಸಿಕ್ಕರೂ ಅದು ಹಾಡುಗಾರಿಕೆಯನ್ನು ಕೇಳಿ ಕೊಟ್ಟದ್ದು, ಅದಕ್ಕಾಗಿ ಹಾಡಿನ ಹಕ್ಕನ್ನು ಬರೆದುಕೊಡಬೇಕಿಲ್ಲ.

ಕಾರ್ಯಕ್ರಮಗಳ ಬಗ್ಗೆ ಮಾತಾಡುವಾಗ ಆಕೆಯ ದನಿ ತಗ್ಗುತ್ತಿತ್ತು. ನಮ್ಮಲ್ಲಿ ಸ್ವತಂತ್ರ ಗಾಯಕರ ಕೈಗೆ ಕಾಸು ಬರುವುದು ಮುಖ್ಯವಾಗಿ ಕಾರ್ಯಕ್ರಮ ಮತ್ತು ಪಾಠಗಳಿಂದ, ಆದರೆ ಸಂಘಟಕರು “ಅವಕಾಶ ಕೊಡುತ್ತೇವೆ” ಎಂದು ಶಾಲು ಹೊದಿಸಿ ಕಳುಹಿಸುತ್ತಾರೆ. ಬಸ್ಸಿನ ಖರ್ಚು, ತಬಲಾ ಸಾಥಿಯ ಸಂಭಾವನೆ ಹಾಡುವವರ ತಲೆಯ ಮೇಲೆ. ಸಂಭಾವನೆ ಎಷ್ಟು ಎಂಬ ಒಂದೇ ವಾಕ್ಯವನ್ನು ಆಕೆಗೆ ನನ್ನ ಕೊಠಡಿಯಲ್ಲಿ ಹೇಳಿಸಿ ಹೇಳಿಸಿ ರೂಢಿ ಮಾಡಿಸಿದೆ. ತನಗಾಗಿ ಕೇಳಲು ನಾಲಿಗೆ ಏಳದಿದ್ದಾಗ, ಮೊದಲು ತಬಲಾದವರಿಗಾಗಿ ಕೇಳಿ ಎಂದೆ. ಅದು ಬಂತು. ಮಠವೊಂದರ ಶಿವಾನುಭವ ಗೋಷ್ಠಿಯವರು ಇಬ್ಬರಿಗೂ ಕೊಟ್ಟರು.

ಈಗ ಒಂದು ವಚನ, ಒಂದು ಸ್ವಂತ ಹಾಡು ಆಕೆಯ ಹೆಸರಿನಲ್ಲೇ ಹೊರಬಂದಿವೆ. ವಚನ ಇನ್ನೂ ಸಾವಿರ ದಾಟಿಲ್ಲ. ಅತ್ತೆ ನೆಂಟರ ಮುಂದೆ “ಯಾವ ಕಂಪನಿಯಮ್ಮ ಅದು?” ಎಂದು ಇನ್ನೂ ಕೇಳುತ್ತಾರೆ. ಏಳರ ಬಾಗಿಲು ತಟ್ಟುವುದು ಮಾತ್ರ ಕಡಿಮೆಯಾಗಿದೆ. ನಿದ್ದೆ ಬರುತ್ತಿದೆ.

ಈಗಿನ ಭಿನ್ನಾಭಿಪ್ರಾಯ ಬೇರೆ. ಸಂಘದ ಕೆಲಸ ಬಿಡಬೇಕು ಎಂದು ಆಕೆ ಹೇಳುತ್ತಿದ್ದಾರೆ. ದಿನವಿಡೀ ರೈತರೊಡನೆ ಸಾಲದ ಕಂತಿನ ಮಾತಾಡಿ ಸಂಜೆಗೆ ಗಂಟಲು ಸೋತಿರುತ್ತದೆ ಎಂಬುದು ಅವರ ವಾದ. ಹಾಡಿನ ಆದಾಯ ಒಂದು ಪೂರ್ತಿ ವರ್ಷ ಸಂಬಳದ ಅರ್ಧಕ್ಕಾದರೂ ಬರುವ ತನಕ ಬೇಡ ಎಂಬುದು ನನ್ನ ಮಾತು. ಜಮಾ ಖರ್ಚಿನ ಪುಸ್ತಕವನ್ನು ತಂದು ತೋರಿಸುತ್ತೇನೆ, ಆಮೇಲೆ ಮಾತಾಡೋಣ ಎಂದು ಹೇಳಿ ಹೋಗಿದ್ದಾರೆ.